ಮರದೊಳಗಿನ ಮದ್ದು, ಮದ್ದಿನೊಳಗಿನ ವಿಷ

ಕಳೆದ ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳಲ್ಲಿ ನಮ್ಮ ಬಳಗವು ವಿದ್ಯಾರ್ಥಿಗಳಿಗಾಗಿ ಒಂದು ಸಸ್ಯ ಪರಿಚಯ ನಡಿಗೆಯನ್ನು ಏರ್ಪಡಿಸಿತ್ತು. ಎಂದಿನಂತೆ ಹಳ್ಳದಂಚಿನ ದುರ್ವಾಸನೆ ಮರದ ಬಳಿ ಎಲ್ಲರೂ ನಿಂತೆವು. ಎಂದಿನಂತೆಯೇ ನಮ್ಮಲ್ಲೊಬ್ಬರು, "ಮಕ್ಕಳೇ, ಈ ಮರವನ್ನು ಚೆನ್ನಾಗಿ ನೋಡಿಕೊಳ್ಳಿ. ಇದರಿಂದ ಕ್ಯಾನ್ಸರ್‌ಗೆ ಔಷಧ ತಯಾರಾಗುತ್ತದೆ" ಎಂದರು. ಮಕ್ಕಳು ಬರೆದುಕೊಂಡರು, ನಡಿಗೆ ಮುಂದೆ ಸಾಗಿತು. ಆದರೆ ನಮ್ಮೊಂದಿಗೆ ಬಂದಿದ್ದ ಆ ಊರಿನ ಕೃಷಿಕರೊಬ್ಬರು ಮರದ ಬಳಿಯೇ ಉಳಿದರು. ಅವರನ್ನು ಕರೆಯಲು ಹಿಂದಿರುಗಿದಾಗ ಅವರು ಕೇಳಿದ ಪ್ರಶ್ನೆ ಇದು:

"ನನ್ನ ಹೆಂಡತಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಪೇಟೆಯ ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೊಮ್ಮೆ ಡ್ರಿಪ್ ಹಾಕುತ್ತಾರೆ. ಹಾಕಿಸಿಕೊಂಡು ಬಂದ ಮೇಲೆ ನಾಲ್ಕೈದು ದಿನ ಅವಳಿಗೆ ಜೀವವೇ ಬೇಡ ಎನ್ನಿಸುತ್ತದೆ. ಆ ಔಷಧದ ಮೂಲ ಈ ಮರವೇ ಎನ್ನುತ್ತೀರಿ. ಹಾಗಾದರೆ ಆಸ್ಪತ್ರೆಯ ರಾಸಾಯನಿಕವನ್ನು ಬಿಟ್ಟು, ಇದರ ತೊಗಟೆಯನ್ನೇ ಸ್ವಲ್ಪ ಸ್ವಲ್ಪ ಕುದಿಸಿ ಕೊಟ್ಟರೆ ಆಗದೇ?"

ಆ ಕ್ಷಣಕ್ಕೆ ನಮಗೆ ಸರಿಯಾದ ಉತ್ತರ ತೋಚಲಿಲ್ಲ. "ಹಾಗೆ ಮಾಡಬೇಡಿ, ವೈದ್ಯರನ್ನು ಕೇಳಿ" ಎಂದಷ್ಟೇ ಹೇಳಿ ಮುಂದೆ ನಡೆದೆವು. ಆದರೆ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ವರ್ಷಗಳಿಂದ ಸಭೆಗಳಲ್ಲಿ, ಶಿಬಿರಗಳಲ್ಲಿ, ಇದೇ ಪತ್ರಿಕೆಯ ಪುಟಗಳಲ್ಲಿ ನಮ್ಮ ಕಾಡು ಔಷಧಗಳ ಕಣಜ ಎಂದು ಹೇಳುತ್ತಾ ಬಂದಿದ್ದೇವೆ. ಕಾಡನ್ನು ಉಳಿಸಬೇಕೆಂಬ ಸದುದ್ದೇಶದ ಮಾತು ಅದು, ಸುಳ್ಳೂ ಅಲ್ಲ. ಆದರೆ ಅರ್ಧಕ್ಕೆ ನಿಂತ ಮಾತು. ಅರ್ಧ ಕೇಳಿದವರು ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ. ಸಂಕಟದಲ್ಲಿರುವವರು ಆಸೆಯಿಂದ ತುಂಬಿಕೊಳ್ಳುತ್ತಾರೆ. ಆ ಮಾತನ್ನು ಪೂರ್ಣಗೊಳಿಸುವುದು ನಮ್ಮ ಹೊಣೆಯೆಂದು ಭಾವಿಸಿ ಈ ಸಂಪಾದಕೀಯವನ್ನು ಬರೆಯುತ್ತಿದ್ದೇವೆ.

ಗಿಡದಿಂದ ಬಂದದ್ದೆಲ್ಲ ಸೌಮ್ಯ, ಕಾರ್ಖಾನೆಯಿಂದ ಬಂದದ್ದೆಲ್ಲ ಕ್ರೂರ ಎಂಬ ವಿಂಗಡಣೆ ಪ್ರಕೃತಿಯಲ್ಲಿ ಇಲ್ಲ. ಆ ತಾಯಿಯನ್ನು ಹೈರಾಣು ಮಾಡುತ್ತಿರುವ ಗುಣ ಯಾವುದೋ ಅದೇ ಗುಣ ಅವರ ಕ್ಯಾನ್ಸರ್ ಗಡ್ಡೆಯನ್ನೂ ಕುಗ್ಗಿಸುವಂಥದ್ದು. ಎರಡೂ ಮರದಿಂದಲೇ ಬಂದ ಗುಣ.

ಮಲೆನಾಡಿನವರಿಗೆ ಇದು ಹೊಸ ವಿಚಾರವೇನಲ್ಲ, ಮರೆತ ವಿಚಾರ. ನಮ್ಮ ನುಡಿಯಲ್ಲಿ 'ಮದ್ದು' ಎಂಬ ಒಂದೇ ಪದ ಔಷಧಕ್ಕೂ ಸಲ್ಲುತ್ತದೆ, ಕೋವಿಗೆ ತುಂಬುವ ಸಿಡಿಮದ್ದಿಗೂ ಸಲ್ಲುತ್ತದೆ. 'ಮದ್ದು ಹಾಕಿದರು' ಎಂದರೆ ವಿಷವಿಕ್ಕಿದರು ಎಂದೇ ಅರ್ಥ. ಕೆಸುವಿನೆಲೆಯ ತುರಿಕೆಯನ್ನು ಹುಣಸೆಹುಳಿಯಿಂದ ಮುರಿದ ಮೇಲೆಯೇ ಪತ್ರೊಡೆ. ಕಾಡುಗೇರಿನ ಸೊನೆ ತಾಗಿದರೆ ಮೈಮೇಲೆ ಬೊಬ್ಬೆಗಳೇಳುತ್ತವೆ. ಅದೇ ಕಾಯಿ ಶೋಧನೆಗೊಂಡ ಬಳಿಕ ಆಯುರ್ವೇದದ ಭಲ್ಲಾತಕ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿಯಿದೆ. ಅದು ವರ್ಷಕ್ಕೊಂದೇ ದಿನ, ಸ್ವಲ್ಪವೇ ಪ್ರಮಾಣ, ಮೆಣಸು ಬೆಳ್ಳುಳ್ಳಿಗಳೊಂದಿಗೆ. ಹಾಲೆಯೆಂದು ಭಾವಿಸಿ ಕಾಸರಕನ ತೊಗಟೆ ತಂದು ಕುಡಿದು ಜೀವ ಕಳೆದುಕೊಂಡವರ ಸುದ್ದಿಯನ್ನೂ ಓದಿದ್ದೇವೆ. ಹಿರಿಯರ ಅರಿವು ಇದ್ದದ್ದು ಗಿಡದ ಹೆಸರಿನಲ್ಲಷ್ಟೇ ಅಲ್ಲ. ಯಾವ ಭಾಗ, ಯಾವ ಹೊತ್ತು, ಎಷ್ಟು, ಯಾರಿಗೆ ಎಂಬ ಅಳತೆಯಲ್ಲಿ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯೂ ಈ ಅಳತೆಯನ್ನೇ ಕುರಿತದ್ದು.

ಗಿಡ ವಿಷ ಮಾಡುವುದು ತನಗಾಗಿ

ದುರ್ವಾಸನೆ ಮರ ಪಶ್ಚಿಮ ಘಟ್ಟಗಳ ಕಾಡಿನಲ್ಲಿ ಮಹಾರಾಷ್ಟ್ರದಿಂದ ಕೇರಳದವರೆಗೆ ಬೆಳೆಯುವ ಸಣ್ಣ ಮರ. ಹೂ ಬಿಟ್ಟಾಗ ಹೊಮ್ಮುವ ಕೆಟ್ಟ ವಾಸನೆಯೇ ಅದಕ್ಕೆ ಹೆಸರು ತಂದಿದೆ. ಸಸ್ಯಶಾಸ್ತ್ರದಲ್ಲಿ ಅದು ನೋಥಪೊಡೈಟಿಸ್ ನಿಮ್ಮೋನಿಯಾನಾ. ಹಳೆಯ ಪುಸ್ತಕಗಳಲ್ಲಿ ಮಾಪ್ಪಿಯಾ ಫೀಟಿಡಾ. ಸೌದೆಗೂ ನಾಟಾಕ್ಕೂ ಹೆಚ್ಚಿನ ಬೆಲೆಯಿಲ್ಲದ ಈ ಮರವನ್ನು ನಮ್ಮ ಹಿರಿಯರು ಅಷ್ಟಾಗಿ ಲೆಕ್ಕಕ್ಕೆ ಇಟ್ಟವರಲ್ಲ. ಅದರ ತೊಗಟೆ, ಬೇರು, ಕಾಂಡಗಳಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡ್ ಇದೆ. ಮರ ಅದನ್ನು ಮನುಷ್ಯನ ಉಪಕಾರಕ್ಕಾಗಿ ತಯಾರಿಸುತ್ತಿಲ್ಲ. ಓಡಲಾಗದ ಜೀವಿಯೊಂದು ತನ್ನನ್ನು ತಿನ್ನಬರುವ ಹುಳುಹುಪ್ಪಟೆಗಳಿಂದ ಉಳಿದುಕೊಳ್ಳಲು ಕಟ್ಟಿಕೊಂಡ ರಕ್ಷಣೆ ಅದು. ಕ್ಯಾಂಪ್ಟೊಥೆಸಿನ್ ತಯಾರಿಸುವ ಕೆಲವು ಸಸ್ಯಗಳು ತಮ್ಮದೇ ವಿಷ ತಮಗೆ ತಾಗದಂತೆ ತಮ್ಮ ಒಂದು ಕಿಣ್ವದ ರಚನೆಯನ್ನೇ ಬದಲಿಸಿಕೊಂಡಿವೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ದೇಹದಲ್ಲಿ ಅಂತಹ ಏರ್ಪಾಡಿಲ್ಲ.

ಆ ಕಿಣ್ವದ ಕೆಲಸವನ್ನು ಹುರಿ ಹೊಸೆದ ಹಗ್ಗವನ್ನು ಕಂಡವರು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಪ್ರತಿಯೊಂದು ಜೀವಕೋಶದೊಳಗೂ ಡಿಎನ್ಎ ಎಂಬ ಎರಡೆಳೆಯ ಹುರಿಯಿದೆ. ಕೋಶವು ಒಂದಿದ್ದದ್ದು ಎರಡಾಗಬೇಕಾದರೆ ಆ ಹುರಿಯನ್ನು ಬಿಡಿಸಿ ನಕಲು ಮಾಡಬೇಕು. ಒಂದು ಕಡೆ ಬಿಡಿಸುತ್ತಾ ಹೋದಂತೆ ಮುಂದಿನ ಭಾಗದಲ್ಲಿ ಹುರಿ ಇನ್ನಷ್ಟು ಬಿಗಿಯಾಗುತ್ತದೆ. ಆಗ ಟೊಪೊಐಸೊಮರೇಸ್-1 ಎಂಬ ಕಿಣ್ವವು ಒಂದೆಳೆಯನ್ನು ಕತ್ತರಿಸಿ, ಬಿಗಿತವನ್ನು ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಈ ಕತ್ತರಿಸಿದ ಜಾಗದಲ್ಲಿ ಬೆಣೆಯಂತೆ ಹೋಗಿ ಕೂರುತ್ತದೆ. ಕತ್ತರಿಸಿದ ಎಳೆ ಬೆಸೆಯದೆ ಹಾಗೇ ಉಳಿಯುತ್ತದೆ. ನಕಲು ಮಾಡುವ ಯಂತ್ರ ಅಲ್ಲಿಗೆ ಬಂದು ಮುಗ್ಗರಿಸಿದಾಗ ಹಗ್ಗವೇ ತುಂಡಾಗಿ ಕೋಶ ಸಾಯುತ್ತದೆ.

ಕ್ಯಾನ್ಸರ್ ಎಂದರೆ ಅಂಕೆಯಿಲ್ಲದೆ ಇಬ್ಭಾಗವಾಗುತ್ತಾ ಹೋಗುವ ಕೋಶಗಳು. ಆದ್ದರಿಂದ ಅವುಗಳಿಗೆ ಈ ಪೆಟ್ಟು ಹೆಚ್ಚು ಬೀಳುತ್ತದೆ. ಆದರೆ ಆರೋಗ್ಯವಂತ ದೇಹದಲ್ಲೂ ಬಿಡುವಿಲ್ಲದೆ ಇಬ್ಭಾಗವಾಗುವ ಕೋಶಗಳಿವೆ: ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆ, ಕೆಲವೇ ದಿನಗಳಿಗೊಮ್ಮೆ ಹೊಸದಾಗುವ ಕರುಳಿನ ಒಳಪದರ, ಬಾಯಿಯ ಒಳಪದರ, ಕೂದಲಿನ ಬುಡ. ಔಷಧಕ್ಕೆ ಹೆಸರು ಹಿಡಿದು ಹುಡುಕುವ ಕಣ್ಣಿಲ್ಲ. ಹಾಗಾಗಿ ಕೂದಲುದುರುವುದು, ಬಾಯಿ ಹುಣ್ಣಾಗುವುದು, ಭೇದಿಯಾಗುವುದು, ಬಿಳಿ ರಕ್ತಕಣಗಳು ಕುಸಿಯುವುದು ಇವೆಲ್ಲವೂ ಔಷಧದಲ್ಲಿ ಬೆರೆತ ಕಲಬೆರಕೆಯ ಫಲವಲ್ಲ. ಕ್ಯಾನ್ಸರ್ ಕೋಶದಲ್ಲಿ ಮಾಡಿದ ಕೆಲಸವನ್ನೇ ಔಷಧವು ಬೇಡದ ಜಾಗದಲ್ಲಿ ಮಾಡಿದಾಗ ನಾವು ಅದನ್ನು ಅಡ್ಡಪರಿಣಾಮ ಎನ್ನುತ್ತೇವೆ.

ಮೂವತ್ತು ವರ್ಷ ಹಿಡಿದ ಅಳತೆ

ತೊಗಟೆಯನ್ನು ಕುದಿಸಿ ಕುಡಿದರೆ ಆಗದೇ ಎಂಬ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಎಂಬ ಇಬ್ಬರು ವಿಜ್ಞಾನಿಗಳು ಚೀನಾ ಮೂಲದ ಕ್ಯಾಂಪ್ಟೊಥೆಕಾ ಎಂಬ ಮರದಿಂದ ಈ ವಸ್ತುವನ್ನು ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ವಾನಿ ಅವರು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಓದಿದವರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಅದೇ ವಸ್ತುವು ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿಯೂ ಇದೆಯೆಂದು ತೋರಿಸಿದರು.

ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ ಕರಗುತ್ತದೆ. ಅದನ್ನು ರಕ್ತನಾಳಕ್ಕೆ ಕೊಡಲು ಸೋಡಿಯಂ ಲವಣವಾಗಿ ಮಾರ್ಪಡಿಸಿ 1970ರ ದಶಕದ ಆರಂಭದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದರು. ಹಾಗೆ ಮಾರ್ಪಡಿಸಿದಾಗ ಅಣುವಿನ ಒಂದು ಬಳೆ ತೆರೆದುಕೊಂಡು ಅದರ ಶಕ್ತಿಯ ಬಹುಪಾಲು ಕುಂದಿತ್ತು. ಮೂತ್ರಕೋಶದ ಆಮ್ಲೀಯ ವಾತಾವರಣಕ್ಕೆ ಬಂದೊಡನೆ ಬಳೆ ಮತ್ತೆ ಮುಚ್ಚಿಕೊಂಡು ವಿಷ ಅಲ್ಲಿಯೇ ಎಚ್ಚೆತ್ತಿತು. ರೋಗಿಗಳ ಮೂತ್ರದಲ್ಲಿ ರಕ್ತ ಬಂತು, ಅಸ್ಥಿಮಜ್ಜೆ ಸೊರಗಿತು, ತೀವ್ರ ಭೇದಿಯಾಯಿತು, ಗಡ್ಡೆಗಳ ಮೇಲಿನ ಪರಿಣಾಮ ಮಾತ್ರ ಅಲ್ಪ. ಪರೀಕ್ಷೆಗಳನ್ನು ನಿಲ್ಲಿಸಬೇಕಾಯಿತು. ತೂಕ, ಶುದ್ಧತೆ, ಮಾಪನ ಎಲ್ಲವೂ ಇದ್ದ ಆಸ್ಪತ್ರೆಗಳಲ್ಲಿಯೇ, ಶುದ್ಧಗೊಳಿಸಿದ ವಸ್ತುವಿನಿಂದಲೇ ಹೀಗಾಯಿತೆಂಬುದನ್ನು ನಾವು ನೆನಪಿಡಬೇಕು.

ಈ ವಸ್ತು ಯಾವ ಕಿಣ್ವವನ್ನು ತಡೆಯುತ್ತದೆ ಎಂಬುದು 1985ರಲ್ಲಿ ತಿಳಿದ ಮೇಲೆ ಮತ್ತೆ ಆಸಕ್ತಿ ಮೂಡಿತು. ಜಪಾನಿನ ವಿಜ್ಞಾನಿಗಳು ಕ್ಯಾಂಪ್ಟೊಥೆಸಿನ್‌ಗೆ ನೀರಿನಲ್ಲಿ ಕರಗುವ ಒಂದು ಬಾಲವನ್ನು ಜೋಡಿಸಿ ಇರಿನೋಟೆಕಾನ್ ಎಂಬ ಔಷಧವನ್ನು ರೂಪಿಸಿದರು. ಅದು ಜಪಾನಿನಲ್ಲಿ 1994ರಲ್ಲಿಯೂ ಅಮೆರಿಕದಲ್ಲಿ 1996ರಲ್ಲಿಯೂ ಬಳಕೆಗೆ ಬಂತು. ಅದರ ಸೋದರಿ ಟೊಪೊಟೆಕಾನ್ ಕೂಡ ಅಂಡಾಶಯದ ಕ್ಯಾನ್ಸರಿಗಾಗಿ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮರದಲ್ಲಿ ಕಂಡದ್ದು 1966, ಔಷಧವಾಗಿ ರೋಗಿಗೆ ದೊರೆತದ್ದು 1990ರ ದಶಕ. ನಡುವಿನ ಸುಮಾರು ಮೂವತ್ತು ವರ್ಷ ಕಳೆದದ್ದು ವಿಷಕ್ಕೆ ಅಳತೆಯನ್ನು ಹುಡುಕುವುದರಲ್ಲಿ. 2019ರ ನಂತರ ಸ್ತನ ಕ್ಯಾನ್ಸರ್ ಮುಂತಾದವಕ್ಕೆ ಬಂದ ಕೆಲವು ಹೊಸ ಔಷಧಗಳಲ್ಲಿ ಇದೇ ವಂಶದ ಅಣುವನ್ನು ಪ್ರತಿಕಾಯಕ್ಕೆ ಕಟ್ಟಿ ಗಡ್ಡೆಯತ್ತಲೇ ಕಳುಹಿಸುವ ಪ್ರಯತ್ನವಿದೆ. ಆದರೂ ಅಡ್ಡಪರಿಣಾಮಗಳು ಇಲ್ಲವಾಗಿಲ್ಲ.

ಕಷಾಯದಲ್ಲಿ ಈ ಅಳತೆ ಸಾಧ್ಯವೇ? ಒಂದೇ ಕಾಡಿನ ಎರಡು ಮರಗಳಲ್ಲಿ ಕ್ಯಾಂಪ್ಟೊಥೆಸಿನ್ ಪ್ರಮಾಣ ಬಹಳ ಭಿನ್ನವಾಗಿರುತ್ತದೆ. ಬೇರಿಗೂ ಎಲೆಗೂ ವ್ಯತ್ಯಾಸವಿದೆ. ಒಂದು ಹಿಡಿ ತೊಗಟೆಯಲ್ಲಿ ಎಷ್ಟಿದೆಯೆಂದು ನಾಲಿಗೆಯಾಗಲಿ ಕಣ್ಣಾಗಲಿ ಹೇಳಲಾರದು. ನೀರಿನಲ್ಲಿ ಕರಗದ ವಸ್ತು ಕಷಾಯಕ್ಕೆ ಎಷ್ಟು ಇಳಿಯಿತು, ಜೊತೆಗೆ ಮತ್ತೇನು ಇಳಿಯಿತು ಎಂಬುದೂ ಗೊತ್ತಾಗುವುದಿಲ್ಲ. ರೋಗಿಗೆ ಔಷಧದ ಬಲವೂ ದೊರೆಯದೆ ವಿಷದ ಹಾನಿ ಮಾತ್ರ ದಕ್ಕಬಹುದು. ಅಷ್ಟರಲ್ಲಿ ಚಿಕಿತ್ಸೆಯ ಅಮೂಲ್ಯ ವಾರಗಳು ಕಳೆದುಹೋಗಿರುತ್ತವೆ. ಆ ಕೃಷಿಕ ಮಿತ್ರರಿಗೆ ನಾವು ಅಂದು ಹೇಳಬೇಕಾಗಿದ್ದ ಉತ್ತರ ಇದು.

ಹಿತ್ತಲ ನಿತ್ಯಪುಷ್ಪ

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಆದರೆ ನಮ್ಮ ತುಳಸಿಕಟ್ಟೆಯ ಪಕ್ಕದಲ್ಲಿ, ಬಸ್ ನಿಲ್ದಾಣದ ಕಲ್ಲುಸಂದಿಯಲ್ಲಿ ಅರಳಿ ನಿಲ್ಲುವ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆ, ಕ್ಯಾನ್ಸರ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯನ್ನು ಅನೇಕ ದೇಶಗಳಲ್ಲಿ ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1950ರ ದಶಕದಲ್ಲಿ ಪರೀಕ್ಷಿಸಿದರು. ಇಲಿಗಳಲ್ಲಿ ಸಕ್ಕರೆ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಬಿಳಿ ರಕ್ತಕಣಗಳು ಇಳಿದವು, ಇಲಿಗಳು ಸೋಂಕಿನಿಂದ ಸತ್ತವು. ಬಿಳಿ ರಕ್ತಕಣಗಳನ್ನು ಇಳಿಸುವ ವಸ್ತು ರಕ್ತದ ಕ್ಯಾನ್ಸರಿಗೆ ಔಷಧವಾಗಬಹುದಲ್ಲವೇ ಎಂಬ ಆಲೋಚನೆಯಿಂದ ವಿನ್‌ಬ್ಲಾಸ್ಟಿನ್ ದೊರೆಯಿತು. ಅದೇ ಗಿಡದಿಂದ ಪಡೆದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇಲ್ಲಿ ಮೊದಲು ಕಂಡದ್ದು ಅಡ್ಡಪರಿಣಾಮ, ಅದರಿಂದ ಹುಟ್ಟಿದ್ದು ಔಷಧ.

ಮಕ್ಕಳ ರಕ್ತದ ಕ್ಯಾನ್ಸರ್ ಒಂದು ಕಾಲಕ್ಕೆ ಬಹುತೇಕ ಮರಣಶಾಸನವಾಗಿತ್ತು. ವಿನ್‌ಕ್ರಿಸ್ಟಿನ್ ಸೇರಿದಂತೆ ಹಲವು ಔಷಧಗಳ ಸಂಯೋಗದಿಂದ ಇಂದು ಶ್ರೀಮಂತ ದೇಶಗಳಲ್ಲಿ ಅಂತಹ 10 ಮಕ್ಕಳಲ್ಲಿ ಸುಮಾರು 9 ಮಂದಿ ಬದುಕುಳಿಯುತ್ತಾರೆ. ಆದರೆ ಅದೇ ವಿನ್‌ಕ್ರಿಸ್ಟಿನ್ ನರಗಳಿಗೆ ಪೆಟ್ಟು ಕೊಡುತ್ತದೆ. ಕೈಕಾಲು ಜುಮುಗುಟ್ಟುತ್ತವೆ, ಪಾದ ಎತ್ತಿ ನಡೆಯುವುದು ಕಷ್ಟವಾಗುತ್ತದೆ, ಮಲಬದ್ಧತೆ ಕಾಡುತ್ತದೆ. ಅದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ಬಹುತೇಕ ಸಾವೇ. ಇಂತಹ ಪ್ರಮಾದಗಳನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು: ಚಿಕಿತ್ಸೆ ಮುಗಿಸಿ ತರಗತಿಗೆ ಮರಳಿದ ಸಹಪಾಠಿ ಅಂಗಿಯ ಗುಂಡಿ ಹಾಕಲು ತಡವರಿಸಿದರೆ, ಓಡುವಾಗ ಎಡವಿದರೆ ನಗಬೇಡಿ. ಜೀವ ಉಳಿಸಿದ ಗಿಡ ಪಡೆದ ಬೆಲೆ ಅದು. ಎಷ್ಟೋ ಮಕ್ಕಳಲ್ಲಿ ಕಾಲಕ್ರಮೇಣ ಕಡಿಮೆಯಾಗುತ್ತದೆ.

ಸಕ್ಕರೆ ಕಾಯಿಲೆಗೆಂದು ದಿನವೂ ನಿತ್ಯಪುಷ್ಪದ ಎಲೆ ಜಗಿಯುವವರು ನಮ್ಮ ಊರುಗಳಲ್ಲಿದ್ದಾರೆ. ಬಿಳಿ ರಕ್ತಕಣಗಳನ್ನೂ ನರಗಳನ್ನೂ ಹಿಡಿಯುವ ಆಲ್ಕಲಾಯ್ಡುಗಳು ಆ ಎಲೆಯಲ್ಲಿವೆ ಎಂಬುದನ್ನು ತಿಳಿದ ಮೇಲೂ ಅದನ್ನು ನಿರಪಾಯವೆಂದು ಹೇಳಲು ನಮಗೆ ಮನಸ್ಸು ಬಾರದು.

ಮಳೆಗಾಲದ ಜ್ವರ

ಅಡ್ಡಪರಿಣಾಮಗಳ ಮಾತನ್ನು ಕೇಳಿ ಚಿಕಿತ್ಸೆಗೆ ಹೆದರಬೇಕೆಂದು ನಾವು ಹೇಳುತ್ತಿಲ್ಲ. ಹೆದರಿ ನಡುವೆಯೇ ಬಿಟ್ಟವರ ಕಷ್ಟವನ್ನು ಊರವರೆಲ್ಲ ಕಂಡಿದ್ದೇವೆ. ಇವುಗಳಲ್ಲಿ ಹೆಚ್ಚಿನವನ್ನು ಮೊದಲೇ ತಿಳಿದಿದ್ದರೆ ನಿಭಾಯಿಸಬಹುದು. ನಮ್ಮ ಕಷ್ಟವೆಂದರೆ ಪೇಟೆಯ ಆಸ್ಪತ್ರೆಯಲ್ಲಿ ಅವಸರದಲ್ಲಿ ಹೇಳಿದ ಸೂಚನೆ ಘಟ್ಟದ ಮೇಲಿನ ಮನೆಗೆ ತಲುಪುವಷ್ಟರಲ್ಲಿ ಅರ್ಧವಾಗಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು, ಸಂಕ ಮುಳುಗಿ, ದೂರವಾಣಿ ಸತ್ತಿರುತ್ತದೆ. ಆದ್ದರಿಂದ ಕೆಲವು ಸಂಗತಿಗಳನ್ನು ಇಲ್ಲಿಯೇ ಬರೆಯುತ್ತೇವೆ.

ಕೀಮೋಥೆರಪಿ ಪಡೆಯುತ್ತಿರುವವರಿಗೆ ಜ್ವರ ಬಂದರೆ ಅದು ಮಾಮೂಲಿ ಮಳೆಗಾಲದ ಜ್ವರವಲ್ಲ. ಔಷಧ ಪಡೆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ತೀರ ಕೆಳಗಿಳಿಯುತ್ತವೆ. ಆಗ ಸಣ್ಣ ಸೋಂಕೂ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಹುದು. ಉಷ್ಣತೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಚಳಿ ನಡುಕ ಹಿಡಿದರೆ, ಮಾತ್ರೆ ನುಂಗಿಸಿ ಕಂಬಳಿ ಹೊದಿಸಿ ಬೆಳಗಿಗಾಗಿ ಕಾಯಬಾರದು, ರಾತ್ರಿಯಾದರೂ ಹೊರಡಬೇಕು. ಅಂತಹ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಯಾರ ಜೀಪು, ಯಾವ ದಾರಿ, ಯಾವ ಆಸ್ಪತ್ರೆ ಎಂಬುದನ್ನು ಮಳೆ ಹಿಡಿಯುವ ಮೊದಲೇ ನಿರ್ಧರಿಸಿರಬೇಕು. ಇದು ಒಂದು ಮನೆಯ ಕೆಲಸವಲ್ಲ, ಊರಿನ ಕೆಲಸ.

ದುರ್ವಾಸನೆ ಮರದ ವಂಶದ ಇರಿನೋಟೆಕಾನ್ ಎರಡು ಬಗೆಯ ಭೇದಿಯನ್ನು ತರುತ್ತದೆ. ಒಂದು, ಡ್ರಿಪ್ ಹಾಕುತ್ತಿರುವಾಗಲೇ ಅಥವಾ ಅಂದೇ ಬೆವರು, ಹೊಟ್ಟೆನುಲಿತದೊಂದಿಗೆ ಬರುವುದು. ಅದಕ್ಕೆ ಆಸ್ಪತ್ರೆಯಲ್ಲಿಯೇ ಅಟ್ರೊಪಿನ್ ಕೊಡುತ್ತಾರೆ. ಇನ್ನೊಂದು, 24 ಗಂಟೆಗಳ ನಂತರ ಮನೆಗೆ ಬಂದ ಮೇಲೆ ಶುರುವಾಗುವುದು. ಇದೇ ಹೆಚ್ಚು ಅಪಾಯಕಾರಿ. ಯಕೃತ್ತು ಇರಿನೋಟೆಕಾನನ್ನು ನೂರಾರು ಪಟ್ಟು ಪ್ರಬಲವಾದ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ, ನಂತರ ಅದನ್ನು ಕಟ್ಟಿ ನಿಷ್ಕ್ರಿಯಗೊಳಿಸಿ ಪಿತ್ತದೊಂದಿಗೆ ಕರುಳಿಗೆ ಬಿಡುತ್ತದೆ. ಕರುಳಿನ ಬ್ಯಾಕ್ಟೀರಿಯಗಳು ಆ ಕಟ್ಟನ್ನು ಬಿಚ್ಚಿದಾಗ ವಿಷ ಮತ್ತೆ ಎಚ್ಚರಗೊಂಡು ಒಳಪದರವನ್ನು ಸುಡುತ್ತದೆ. ವೈದ್ಯರು ಕೊಟ್ಟು ಕಳುಹಿಸಿದ ಲೋಪೆರಮೈಡ್ ಮಾತ್ರೆಯನ್ನು ಅವರು ಹೇಳಿದಂತೆ ಮೊದಲ ಭೇದಿಗೇ ಶುರುಮಾಡಬೇಕು. ಉಪ್ಪು ಸಕ್ಕರೆಯ ಜೀವಜಲವನ್ನು ಬಿಡದೆ ಕುಡಿಸಬೇಕು. ಭೇದಿ 24 ಗಂಟೆಗಳಲ್ಲಿ ಹತೋಟಿಗೆ ಬಾರದಿದ್ದರೆ, ಜ್ವರ ಕೂಡಿಕೊಂಡರೆ ಅಥವಾ ರೋಗಿ ನೀರೂ ಕುಡಿಯಲಾರದಂತಾದರೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ಔಷಧವನ್ನು ಕಟ್ಟಿ ನಿಷ್ಕ್ರಿಯಗೊಳಿಸುವ ಯಕೃತ್ತಿನ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ಅಂಥವರಿಗೆ ಉಪವಾಸವಿದ್ದಾಗ, ಬಳಲಿದಾಗ ಕಣ್ಣು ತುಸು ಹಳದಿಯಾಗುವುದುಂಟು. ಇರಿನೋಟೆಕಾನ್ ಅವರಲ್ಲಿ ಹೆಚ್ಚು ತೀವ್ರವಾಗಿ ವರ್ತಿಸುತ್ತದೆ; ಅಮೆರಿಕದಲ್ಲಿ 2005ರಿಂದ ಔಷಧದ ವಿವರಪತ್ರದಲ್ಲಿಯೇ ಈ ಎಚ್ಚರಿಕೆಯಿದೆ. ನಮ್ಮಲ್ಲಿ ಕಾಮಾಲೆಯೆಂದು ಹಳ್ಳಿಮದ್ದು ಕುಡಿದು, ವಾಸಿಯಾಯಿತೆಂದು ಮರೆತವರು ಬಹಳ. ಆಸ್ಪತ್ರೆಯಲ್ಲಿ ಕೇಳದಿದ್ದರೂ ಅದನ್ನು ಹೇಳಬೇಕು. ಹಾಗೆಯೇ ಕುಡಿಯುತ್ತಿರುವ ಯಾವುದೇ ಕಷಾಯ, ಚೂರ್ಣ, ಬೇರು ಇದ್ದರೂ ಮುಚ್ಚಿಡದೆ ತಿಳಿಸಬೇಕು. ಔಷಧವನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳೇ ಕಷಾಯದ ಅಂಶಗಳನ್ನೂ ಕರಗಿಸುತ್ತವೆ. ಒಂದರ ಕೆಲಸವನ್ನು ಮತ್ತೊಂದು ಕೆಡಿಸಬಹುದು. ವೈದ್ಯರು ಗದರಿಸುತ್ತಾರೆಂಬ ಅಂಜಿಕೆಯಿಂದ ರೋಗಿಗಳು ಸುಮ್ಮನಿರುತ್ತಾರೆ. ಗದರಿಸದೆ ಕೇಳುವ ಸೌಜನ್ಯವನ್ನು ವೈದ್ಯರೂ ತೋರಬೇಕು ಎಂಬುದು ನಮ್ಮ ವಿನಂತಿ.

ಕಾಡಿನ ಮೇಲಿನ ಅಡ್ಡಪರಿಣಾಮ

ಇಷ್ಟು ಹೊತ್ತು ದೇಹದ ಮಾತಾಯಿತು. ಇದೇ ಔಷಧಗಳಿಗೆ ಇನ್ನೊಂದು ಅಡ್ಡಪರಿಣಾಮವೂ ಇದೆ. ಅದು ಬೀಳುವುದು ಕಾಡಿನ ಮೇಲೆ.

ವಾಲ್ ಮತ್ತು ವಾನಿ ಅವರೇ 1971ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ವಸ್ತುವಿನ ರಚನೆಯನ್ನು ಪ್ರಕಟಿಸಿದರು. 1992ರಲ್ಲಿ ಅದು ಅಂಡಾಶಯದ ಕ್ಯಾನ್ಸರಿಗೆ ಔಷಧವಾಯಿತು. ಒಬ್ಬ ರೋಗಿಯ ಪೂರ್ಣ ಚಿಕಿತ್ಸೆಗೆ ಹಲವು ಮರಗಳ ತೊಗಟೆ ಬೇಕಿತ್ತು. ತೊಗಟೆ ಸುಲಿದ ಮರ ಸಾಯುತ್ತಿತ್ತು. ಯುರೋಪಿನ ಯೂ ಮರದ ಎಲೆಯಲ್ಲಿರುವ ವಸ್ತುವಿನಿಂದ ಔಷಧವನ್ನು ರೂಪಿಸಬಹುದೆಂದು ಕಂಡುಕೊಂಡ ಮೇಲೆ ಅಲ್ಲಿನ ಕಾಡು ಉಸಿರಾಡಿತು. ಎಲೆ ಮತ್ತೆ ಚಿಗುರುತ್ತದೆ. ಆದರೆ ಅಷ್ಟರಲ್ಲಿ ಬೇಡಿಕೆಯ ಕಣ್ಣು ಹಿಮಾಲಯದ ಯೂ ಮರದ ಮೇಲೂ ಬಿದ್ದಿತ್ತು. ಆ ಮರವನ್ನು 1990ರ ದಶಕದಲ್ಲಿಯೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಇಂದು ಅದು ಅಳಿವಿನಂಚಿನ ಮರ.

ದುರ್ವಾಸನೆ ಮರದ ಕತೆ ಇದಕ್ಕೆ ಹತ್ತಿರದ್ದು. ಮಹಾರಾಷ್ಟ್ರದಲ್ಲಿ ನರಕ್ಯಾ ಎಂದು ಕರೆಯುವ ಇದೇ ಮರವನ್ನು ಕಡಿದು, ಬೇರುಸಮೇತ ಕಿತ್ತು, ಚೂರು ಮಾಡಿ ಮೂಟೆಗಳಲ್ಲಿ ಸಾಗಿಸುವ ದಂಧೆಯನ್ನು ಅಲ್ಲಿನ ಅರಣ್ಯ ಇಲಾಖೆ ಹಲವು ಬಾರಿ ಹಿಡಿದಿದೆ. ಮರ ಕಡಿದ ಕೂಲಿಯವನಿಗೆ ದೊರೆಯುವುದು ದಿನಗೂಲಿ. ಔಷಧದ ಬೆಲೆ ತೆರುವವನು ಅಡಿಕೆ ಮಾರಿ ಆಸ್ಪತ್ರೆಗೆ ಕಟ್ಟುವ ಅದೇ ಊರಿನ ರೋಗಿ. ನಡುವಿನ ಲಾಭ ಎಲ್ಲಿಯೋ ಇಂಗಿಹೋಗುತ್ತದೆ.

ದಾರಿಗಳು ಇಲ್ಲವೆಂದಲ್ಲ. ದುರ್ವಾಸನೆ ಮರ ಕಡಿದ ಬುಡದಿಂದ ಚಿಗುರುತ್ತದೆ. ಬೇರು ಕೀಳದೆ ರೆಂಬೆಗಳನ್ನಷ್ಟೇ ಸರದಿಯಂತೆ ಕೊಯ್ದರೆ ಮರವೂ ಉಳಿಯುತ್ತದೆ. ಬೀಜದಿಂದ ಸಸಿ ಮಾಡಿ ಬೆಟ್ಟ, ಕಾನುಗಳ ಅಂಚಿನಲ್ಲಿ ಬೆಳೆಸಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಘಟ್ಟದುದ್ದಕ್ಕೂ ಮರಗಳನ್ನು ಪರೀಕ್ಷಿಸಿ ಹೆಚ್ಚು ಕ್ಯಾಂಪ್ಟೊಥೆಸಿನ್ ಇರುವ ಮರಗಳನ್ನು ಗುರುತಿಸಿದ್ದಾರೆ. ಇದೇ ವಸ್ತುವಿರುವ ಬಳ್ಳಿ ಜಾತಿಯ ಸಸ್ಯಗಳನ್ನೂ ಕಂಡಿದ್ದಾರೆ. ಮರದೊಳಗೆ ವಾಸಿಸುವ ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸಬಲ್ಲವೆಂಬ ವರದಿ 2005ರಲ್ಲಿ ಬಂತು. ಆದರೆ ಮರದಿಂದ ಹೊರತಂದು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿದಂತೆ ಅವುಗಳ ಆ ಶಕ್ತಿ ಕುಂದುತ್ತದೆ. ಮರವಿಲ್ಲದೆ ಮದ್ದು ಬೇಕೆಂಬ ಆಸೆಗೆ ಸದ್ಯಕ್ಕೆ ಅದು ಪೂರ್ಣ ಉತ್ತರವಲ್ಲ.

ಕಾನೂನಿನಲ್ಲಿಯೂ ನಮಗೊಂದು ಹಿಡಿತವಿದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. 2023ರ ತಿದ್ದುಪಡಿಯು ಬೆಳೆಸಿದ ಔಷಧ ಸಸ್ಯಗಳಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಬೆಳೆಸಿದ್ದೆಂಬುದಕ್ಕೆ ಮೂಲ ಪ್ರಮಾಣಪತ್ರವನ್ನು ಈ ಸಮಿತಿಯಿಂದ ಪಡೆಯಬೇಕೆಂದೂ ಹೇಳಿದೆ. ಕಾಡಿನಿಂದ ಕಿತ್ತದ್ದು ತೋಟದ್ದೆಂಬ ಹೆಸರಿನಲ್ಲಿ ಹೊರಹೋಗುತ್ತದೋ ಇಲ್ಲವೋ ಎಂಬುದು ಇನ್ನು ಆ ಸಮಿತಿಯ ಎಚ್ಚರವನ್ನು ಅವಲಂಬಿಸಿದೆ. ಹಲವು ಪಂಚಾಯಿತಿಗಳಲ್ಲಿ ಸಮಿತಿ ಕಾಗದದ ಮೇಲಷ್ಟೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಸಮಿತಿಯ ಸದಸ್ಯರು ಯಾರು, ದಾಖಲೆ ಎಲ್ಲಿದೆ, ಅದರಲ್ಲಿ ದುರ್ವಾಸನೆ ಮರದ ಹೆಸರಿದೆಯೇ ಎಂದು ಕೇಳಿರಿ. ವಿದ್ಯಾರ್ಥಿಗಳು ತಮ್ಮೂರಿನ ಕಾನಿನಲ್ಲಿ ಎಷ್ಟು ಮರಗಳಿವೆ, ಎಷ್ಟು ಬುಡಗಳು ಮಾತ್ರ ಉಳಿದಿವೆ ಎಂದು ಎಣಿಸಿ ಆ ದಾಖಲೆಗೆ ಸೇರಿಸಬಹುದು.

ಆ ಕೃಷಿಕ ಮಿತ್ರರ ಮನೆಗೆ ನಾವು ಮತ್ತೆ ಹೋಗಿ ಬಂದೆವು. ಮೇಲೆ ಬರೆದದ್ದನ್ನೇ ಅವರಿಗೂ ಅವರ ಪತ್ನಿಗೂ ಹೇಳಿದೆವು. ಭೇದಿ ಎರಡನೆಯ ದಿನದಿಂದ ಶುರುವಾಗುತ್ತಿತ್ತೆಂದೂ, ಮಾತ್ರೆಯನ್ನು ತೀರ ಸುಸ್ತಾದ ಮೇಲೆಯೇ ತೆಗೆದುಕೊಳ್ಳುತ್ತಿದ್ದರೆಂದೂ ಆಗ ತಿಳಿಯಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಅವರು ಅದನ್ನು ತಿಳಿಸಿದರು. ವೈದ್ಯರು ಔಷಧದ ಪ್ರಮಾಣವನ್ನು ತುಸು ಇಳಿಸಿ, ಮಾತ್ರೆಯ ಕ್ರಮವನ್ನು ಕಾಗದದಲ್ಲಿ ಬರೆದುಕೊಟ್ಟರು. ಚಿಕಿತ್ಸೆ ಮುಂದುವರಿದಿದೆ. ಹಳ್ಳದಂಚಿನ ಮರದ ತೊಗಟೆಯನ್ನು ಯಾರೂ ಕೆತ್ತಿಲ್ಲ.

ಮುಂದಿನ ನಡಿಗೆಯಲ್ಲಿಯೂ ಆ ಮರದ ಬಳಿ ನಿಲ್ಲುತ್ತೇವೆ. ಈ ಮರದಲ್ಲಿ ಒಂದು ವಿಷವಿದೆ, ಅದನ್ನು ಅಳತೆಗೆ ತರಲು ಮೂವತ್ತು ವರ್ಷ ಬೇಕಾಯಿತು, ಅಳತೆ ತಿಳಿದವರ ಕೈಯಲ್ಲಿ ಅದು ಕ್ಯಾನ್ಸರಿನ ಮದ್ದು, ಇದನ್ನು ಕುದಿಸಿ ಕುಡಿಯಬಾರದು, ಕಡಿದು ಮಾರಬಾರದು ಎಂದು ಹೇಳುತ್ತೇವೆ. ವಾಕ್ಯ ತುಸು ಉದ್ದವಾಯಿತು. ಮಕ್ಕಳು ಪೂರ್ತಿಯಾಗಿ ಬರೆದುಕೊಳ್ಳುವವರೆಗೆ ಅಲ್ಲಿಯೇ ನಿಂತಿರುತ್ತೇವೆ.